ಲಿಸ್ಬನ್ನಿನ ಅಮಾವಾಸ್ಯೆ

ಅಪ್ಪಾ,

ನೀನು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಈ ಸುದ್ದಿ ಹೇಳುತ್ತಿದ್ದೇನೆ. ನಾನೂ ನಿನ್ನ ಅಳಿಯ ರೂಪೇಶರೂ ಮೇ ತಿಂಗಳಲ್ಲಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಹೊರಟಿದ್ದೇವೆ. ಅಲ್ಲಿಯೂ ನಮ್ಮ ಸದಾಶಿವಗಡದ ಕಾಳಿಯ ಹಾಗೆ ಊರ ಮಗ್ಗುಲಲ್ಲೇ ಸಮುದ್ರ ಸೇರುವ ನದಿಯಿದೆಯಂತೆ. ಇವತ್ತು ಕಾರವಾರದ ಟ್ರಾವೆಲ್ ಆಫೀಸಿನವರು, ಮೇ ಹದಿನಾರಕ್ಕೆ ಆ ನದಿಯಲ್ಲಿ ದೋಣಿ ಪ್ರಯಾಣ ಎಂದರು. ನಾನು ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸಿ, "ಅವತ್ತು ಬೇಡ, ಅಮಾಸೆ. ಅಳಿವೆಲಿ ಭರತಿ ಜೋರಿರ್ತದೆ" ಎಂದುಬಿಟ್ಟೆ.

"ಅಲ್ಲೆಲ್ಲಿ ನಮ್ಮ ಅಮಾಸೆ, ಮೇಡಮ್?" ಎಂದು ಅವರು ನಕ್ಕರು.

"ಚಂದ್ರ ಒಬ್ನೇ ಅಲ್ಲ?" ಎಂದೆ.

ರೂಪೇಶರು ಮೊಬೈಲಿನಲ್ಲಿ ಅಲ್ಲಿಯ ಉಬ್ಬರ ಇಳಿತದ ಪಟ್ಟಿ ತೆಗೆದು ನೋಡಿ, "ಇವ್ಳು ಹೇಳೂದು ಖರೆ" ಎಂದರು. ಪ್ರಯಾಣವನ್ನು ಉಬ್ಬರ ಕಡಿಮೆಯಿರುವ ಅಷ್ಟಮಿಗೆ ಬರೆಸಿದೆವು.

ನನ್ನನ್ನು ಕಾಲೇಜಿಗೆ ಸೇರಿಸಿದ ದಿನ ಗುಮಾಸ್ತರು ಹುಟ್ಟಿದ ತಾರೀಕು ಕೇಳಿದಾಗ ನೀನೂ ಹೀಗೆಯೇ ಬೆರಳೆತ್ತಿ ಎಣಿಸತೊಡಗಿದ್ದೆ. "ನೂಲಹುಣ್ಣಿಮೆ ಆಗಿ ಮೂರ್ನೇ ದಿನ, ನಾ ಬಲೆ ಎಳೀತಿದ್ದೆ..." ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ನಾನು ನಿನ್ನ ಕೈ ಹಿಡಿದು ಕೆಳಗೆ ಒತ್ತಿದೆ. ಆಮೇಲೆ ನೀನು ನನ್ನೆದುರು ಬೆರಳೆಣಿಸಿದ್ದನ್ನು ನಾನು ಕಾಣಲಿಲ್ಲ.

ಇವತ್ತು ನನ್ನ ಕೈಯನ್ನು ಯಾರೂ ಕೆಳಗೆ ಒತ್ತಲಿಲ್ಲ, ಅಪ್ಪಾ.

ಪ್ರಗತಿ