ಕಣ್ಣೂರಿನಲ್ಲಿ ಅಣ್ಣಿಗೇರಿಯ ಎಣ್ಣೆ

ಕಣ್ಣೂರು, ಗುರುವಾರ

ಕಾಕಾ, ನಿಮ್ಮ ಪಾದಕ್ಕೆ ಮಡಿವಾಳೆಪ್ಪನ ಶರಣು.

ನಾನು ಮಾಲೀಸು ಮಾಡುವ ಬೆಂಗಳೂರಿನ ಫುಟ್‌ಬಾಲ್ ತಂಡ ನಿನ್ನೆ ಫೆಡರೇಶನ್ ಕಪ್ಪಿನ ಸೆಮಿಫೈನಲ್ ಗೆದ್ದಿತು. ಇಲ್ಲಿ ಸೋತವರು ಮರುದಿನವೇ ರೈಲು ಹತ್ತಬೇಕು. ಎದುರಿನವರ ಗೋಲ್‌ಕೀಪರ್ ಮೀನಖಂಡ ಹಿಡಿದುಕೊಂಡು ಹುಲ್ಲಿನ ಮೇಲೆ ಬಿದ್ದಿದ್ದ. ಕುಣಿಯುತ್ತಿದ್ದ ನಮ್ಮವರನ್ನು ಬಿಟ್ಟು ಓಡಿಹೋಗಿ ಅವನ ಕಾಲು ತಿಕ್ಕಿದೆ.

"ನೀನು ಯಾರ ಕಡೆಯವನಯ್ಯಾ?" ಎಂದು ನಮ್ಮ ಮ್ಯಾನೇಜರು ಕೂಗಾಡಿದರು.

"ನಮ್ಮ ಗರಡಿಮನ್ಯಾಗ ಬಿದ್ದಾವನ ಮೈ ಮೊದ್ಲ ತಿಕ್ತೀವ್ರಿ ಸಾಹೇಬ್ರ," ಎಂದೆ. ಆ ಗೋಲ್‌ಕೀಪರನ ಕಣ್ಣೀರು ನೋಡಿ ಅವರೇ ಅವನಿಗೆ ನೀರಿನ ಬಾಟಲಿ ಕೊಟ್ಟರು.

ಇಲ್ಲಿ ಊಟಕ್ಕೆಲ್ಲ ಮೀನು. ನಾನು ಅನ್ನ, ಬಾಳೆಹಣ್ಣು ತಿಂದು ಗಟ್ಟಿಮುಟ್ಟಾಗಿದ್ದೇನೆ.

ಕಾರ್ಡು ತುಂಬಿತು. ಅಣ್ಣಿಗೇರಿಯಿಂದ ಹೊರಡುವಾಗ ನೀವು ಕಾಸಿಕೊಟ್ಟ ಮಾಲೀಸಿನ ಎಣ್ಣೆ ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿದೆ. ಭಾನುವಾರ ಫೈನಲ್. ಯಾರು ಸೋಲುತ್ತಾರೋ, ಅವರಿಗೆಂದು ಎತ್ತಿಟ್ಟಿದ್ದೇನೆ.

ನಿಮ್ಮ ಮಡಿವಾಳೆಪ್ಪ