ಹಬ್ಬದ ಮರುದಿನದ ಊಟ ಎಣಿಸಿದವರಿಗೆ

ವಲಯದ ಪೌಷ್ಟಿಕ ಆಹಾರ ಅಧಿಕಾರಿಗಳೇ,

ನಮ್ಮ ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರಿಗೆ ಮಧ್ಯಾಹ್ನ ಬೇಯಿಸಿ ಬಡಿಸುತ್ತಿದ್ದ ಕಾಳು-ಸೊಪ್ಪಿನ ಊಟವನ್ನು ನೀವು ಈ ಶಾಲಾ ವರ್ಷದಿಂದ ನಿಲ್ಲಿಸಿದ್ದೀರಿ. ಕಾರಣವಾಗಿ ತೋರಿಸಿರುವುದು ‘ಉತ್ತರ ಇಥಿಯೋಪಿಯಾದ ಪ್ರೌಢಶಾಲಾ ವಿದ್ಯಾರ್ಥಿನಿಯರ ಆಹಾರ ವೈವಿಧ್ಯ’ ಎಂಬ ನಿಮ್ಮದೇ ವರದಿ. ನಮ್ಮ ಹುಡುಗಿಯರು ಹತ್ತು ಗುಂಪಿನ ಆಹಾರಗಳಲ್ಲಿ ದಿನಕ್ಕೆ ಸರಾಸರಿ ಆರನ್ನು ತಿನ್ನುತ್ತಾರಂತೆ. ಐದಿದ್ದರೆ ಸಾಕಂತೆ. ಈ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಬರೆದುಕೊಂಡವರಲ್ಲಿ ನಾನೂ ಒಬ್ಬಳು. ನನ್ನ ಅನುಮಾನವೆಲ್ಲ ದಿನಾಂಕದ ಮೇಲೆ.

ನಾನು ಆ ಶಾಲೆಯ ಗ್ರಂಥಪಾಲಕಿ. ಆ ವರದಿಯ ಸಮೀಕ್ಷೆಗೆ ನನ್ನನ್ನು ನೇಮಿಸಿ ನೀವು ಕಳಿಸಿದ ಕಾಗದದಲ್ಲಿ ಮೊದಲು ಟೈಪಾಗಿದ್ದುದು ಈಸ್ಟರಿನ ಫಾಸಿಕಾ ಹಬ್ಬಕ್ಕೆ ಮುಂಚಿನ ಉಪವಾಸದ ನಾಲ್ಕನೆಯ ವಾರ. ಅದನ್ನು ಹಸಿರು ಶಾಯಿಯಲ್ಲಿ ಹೊಡೆದು, ಹಬ್ಬದ ಭಾನುವಾರ ಕಳೆದ ಮಂಗಳವಾರ ಎಂದು ತಿದ್ದಲಾಗಿದೆ. ತಿದ್ದಿದವರು ಯಾರು? ಮುಂದೂಡಲು ಮಳೆಯ ನೆಪವೂ ಇರಲಿಲ್ಲ. ನಿಮ್ಮ ಜೀಪು ಆ ನಾಲ್ಕನೆಯ ವಾರವಿಡೀ ಕಚೇರಿಯ ಮುಂದೆಯೇ ನಿಂತಿತ್ತು. ಐವತ್ತೈದು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟದ ಜನ ಕೋಳಿ ಕೊಯ್ದು, ಬೆಣ್ಣೆ ಕಾಯಿಸಿ ಉಂಡ ವಾರದಲ್ಲಿ ಬಂದು ‘ನಿನ್ನೆ ಏನು ತಿಂದಿರಿ’ ಎಂದು ಕೇಳುವ ಬುದ್ಧಿ ಆಕಸ್ಮಿಕವಾಗಿ ಹೊಳೆಯಿತೆಂದು ನಂಬಬೇಕೆ?

ಆ ದಿನ ನನ್ನ ಮುಂದೆ ಕೂತ ಮೊದಲ ಹುಡುಗಿ ಬಾಂಚಿ. ಆಗ ಒಂಬತ್ತನೆಯ ತರಗತಿ. ಅವಳ ಹಳ್ಳಿ ಐದು ಗಂಟೆಯ ನಡಿಗೆ. ಇಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಾಳೆ. ದೂರದಿಂದ ಬರುವ ಎಲ್ಲ ಹುಡುಗಿಯರಂತೆ ಅವಳೂ ಭಾನುವಾರ ಸಂಜೆ ವಾರದ ಇಂಜೆರಾ ರೊಟ್ಟಿಯನ್ನು ಬುಟ್ಟಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬರುತ್ತಾಳೆ. ಆ ವಾರ ಹಬ್ಬದೂಟ ಮುಗಿಸಿ ಸೋಮವಾರ ಬಂದಿದ್ದಳು. ಬುಟ್ಟಿಯಲ್ಲಿ ಅಮ್ಮ ಮಾಡಿದ ಕೋಳಿ ಸಾರು, ಮೊಟ್ಟೆ, ಗಿಣ್ಣು ಎಲ್ಲ ಇತ್ತು.

“ನಿನ್ನೆ ಮಾಂಸ ತಿಂದ್ಯಾ?” ಎಂದೆ.

“ಅಯ್ಯೋ ಅಕ್ಕಾ, ಹಬ್ಬದಲ್ಲಿ ತಿನ್ನದೆ ಇರೋಕೆ ನಾನೇನು ಸನ್ಯಾಸಿನಿಯಾ?” ಎಂದು ನಕ್ಕಳು.

ಮಾಂಸದ ಚೌಕಕ್ಕೆ ಗುರುತು ಹಾಕಿದೆ. ಮೊಟ್ಟೆಗೂ, ಹಾಲಿಗೂ ಹಾಕಿದೆ. ಬೇರೆ ದಿನಗಳದ್ದನ್ನೂ ಕೇಳೋಣವೇ ಎಂದು ನಿಮ್ಮ ಮೇಲ್ವಿಚಾರಕರಿಗೆ ಹೇಳಿದೆ. “ನಮೂನೇಲಿ ನಿನ್ನೆ ಅಂತಿದೆ ತಾನೇ? ನಿನ್ನೇದು ಬರ್ಕೊಳ್ಳಮ್ಮ. ಪಂಚಾಂಗ ನೋಡೋಕೆ ನಿನ್ನ ಕರೆಸಿಲ್ಲ” ಎಂದರು. ನಾನು ಬಾಯಿ ಮುಚ್ಚಿಕೊಂಡು ಬರೆದೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಒಪ್ಪಿಕೊಳ್ಳುವುದಕ್ಕೂ ಈ ಪತ್ರ.

ಈ ವಾರ ಬುಧವಾರ ಸಂಜೆ ಆ ಕೋಣೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆ. ಬಾಂಚಿ ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದಳು. ಇದ್ದುದು ಎರಡು ಇಂಜೆರಾ, ಒಣಗಿ ಚಕ್ಕೆಯಾಗಿದ್ದವು.

“ನಿನ್ನೆ ಇದೇ ಅಕ್ಕಾ. ನೀರು ಚಿಮುಕಿಸ್ಕೊಂಡು, ಮೆಣಸಿನಪುಡಿ ಹಚ್ಕೊಂಡು ತಿಂದ್ವಿ. ಇಂಜೆರಾ ಒಂದು ಗುಂಪು ಅಂತ ಬರ್ಕೊಳ್ಳಿ.”

“ನೀರನ್ನ ಎರಡನೇದು ಅಂತ ಬರ್ಕೊಳ್ಳಿ,” ಎಂದಳು ಮೂಲೆಯಲ್ಲಿದ್ದ ಗೆಳತಿ ಅಸ್ನಾಕು. “ಇನ್ನು ಮೂರೇ ಬೇಕು, ಆಫೀಸಿನವರು ಖುಷಿಯಾಗ್ತಾರೆ.”

ಮೂವರೂ ನಕ್ಕರು. ನಗುತ್ತಲೇ ಬಾಂಚಿ ಬೆಳಗ್ಗೆ ಹಳ್ಳಿಗೆ ಹೊರಡಲು ಬುಟ್ಟಿ ಕಟ್ಟಿಟ್ಟಳು. ಶಾಲೆಯ ಊಟವಿದ್ದಾಗ ಅವಳ ಬುಟ್ಟಿ ಶುಕ್ರವಾರದವರೆಗೆ ಬರುತ್ತಿತ್ತು. ಈಗ ಬುಧವಾರಕ್ಕೇ ಖಾಲಿ. ಗುರುವಾರ, ಶುಕ್ರವಾರದ ಪಾಠ ಅವಳಿಗಿಲ್ಲ. ಹಾಜರಿ ಪುಸ್ತಕ ನೋಡಿದ್ದೇನೆ: ಏಳು ವಾರ, ಹದಿನಾಲ್ಕು ಗೈರು. ಇಪ್ಪತ್ತಾದರೆ ಹೆಸರು ಹೊಡೆಯುವುದು ಶಾಲೆಯ ನಿಯಮ. “ಅಪ್ಪ ಆಗ್ಲೇ ಹೇಳ್ತಿದಾರೆ, ಅರ್ಧ ವಾರದ ಓದು ಯಾಕೆ, ಮನೇಲೇ ಇರು, ಗಂಡು ನೋಡ್ತೀನಿ ಅಂತ,” ಎಂದಳು.

ಹಸಿರು ಶಾಯಿಯ ಆ ಕಾಗದವನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಯಾರು ಬೇಕಾದರೂ ಓದಬಹುದು. ತಿದ್ದಿದವರ ಹೆಸರನ್ನು ನೀವು ಲಿಖಿತವಾಗಿ ತಿಳಿಸಬೇಕು. ಸದ್ಯದಲ್ಲೇ ಕ್ರಿಸ್ಮಸ್‌ಗೆ ಮುಂಚಿನ ಉಪವಾಸ ಶುರುವಾಗುತ್ತದೆ. ಅದರಲ್ಲಿ ಯಾವುದಾದರೂ ಬುಧವಾರ, ಮುಂಚೆ ತಿಳಿಸದೆ ಬಂದು ಅದೇ ಪ್ರಶ್ನೆ ಕೇಳಿ. ನಮೂನೆ ನಾನೇ ತುಂಬುತ್ತೇನೆ, ಸಂಬಳ ಬೇಡ. ಆದರೆ ಶಾಲೆಯ ಒಲೆ ಹೊತ್ತಿಸಲು ಆ ಬುಧವಾರಕ್ಕಾಗಿ ಕಾಯಬೇಡಿ, ಈ ಸೋಮವಾರವೇ ಹೊತ್ತಿಸಿ. ಬಾಂಚಿಗೆ ಉಳಿದಿರುವುದು ಆರು ಗೈರು, ಅಂದರೆ ಮೂರು ವಾರ. ಆಮೇಲೆ ನೀವು ಯಾವ ದಿನ ಬಂದರೂ ನಿಮ್ಮ ಸರಾಸರಿ ಕೆಡುವುದಿಲ್ಲ. ಎಣಿಸಲು ಅವಳೇ ಇರುವುದಿಲ್ಲ.

ಇಂತಿ,
ನಿಮ್ಮ ನಮೂನೆಯಲ್ಲಿ ಮಾಂಸದ ಚೌಕಕ್ಕೆ ಸರಿಯಾಗಿಯೇ ಗುರುತು ಹಾಕಿದ
ವುಡಿನೇಶ್, ಗ್ರಂಥಪಾಲಕಿ