ಸಾಲು ಹಿಡಿದ ಕೈ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ನಿನ್ನ ಅಕ್ಕನಿಗೆ ಈಗ ಎದ್ದು ಕೂರಲು ಆಗುತ್ತಿದೆಯೇ? ಅವರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಬಿದ್ದುಹೋದೀತು, ಜೋಪಾನ. ನಾನು ಚೆನ್ನಾಗಿದ್ದೇನೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಕೆಲಸದ ಸುದ್ದಿ ಹೇಳುತ್ತೇನೆ, ನಗಬೇಡ. ಮೊಸಾಯಿಕ್ ನೆಲ ಹಾಕುವಾಗ ಹಸಿ ಸಿಮೆಂಟಿನ ಮೇಲೆ ಬಣ್ಣದ ಕಲ್ಲುಚೂರು ಎರಚುವುದು ಯಾವತ್ತೂ ನನ್ನ ಪಾಲಿನದೇ ಅಲ್ಲವೇ? ಚೂರು ತಾನಾಗಿ ಚೆಲ್ಲಿದಂತಿರಬೇಕು, ಎಲ್ಲೂ ಗೆರೆ ಕಾಣಬಾರದು, ಯೋಚಿಸಿ ಎರಚಿದರೆ ಕೆಟ್ಟಿತು. ಮೊನ್ನೆ ಡಾಕ್ಟರರ ಮನೆಯಲ್ಲಿ ನೆಲ ಉಜ್ಜಿ ನೀರು ಹೊಯ್ದು ನೋಡುತ್ತೇನೆ, ಕಪ್ಪು ಚೂರುಗಳೆಲ್ಲ ಶಿಸ್ತಾಗಿ ಓರೆ ಸಾಲಿನಲ್ಲಿ ನಿಂತಿವೆ! "ಏನ್ ದೊಡ್ಡಪ್ಪಾ, ಕಲ್ಲಿಗೂ ಕ್ಯೂ ನಿಲ್ಲೋದು ಕಲಿಸಿಬಿಟ್ರಲ್ಲ!" ಅಂದ ಮೇಸ್ತ್ರಿ. ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಎರಚಿದೆ, ಮತ್ತೆ ಸಾಲು. ಎಡಗೈಯಲ್ಲಿ ಎರಚಿದೆ, ಅದೂ ಸಾಲೇ, ಇನ್ನೊಂದು ದಿಕ್ಕಿಗೆ ಅಷ್ಟೆ. ವಯಸ್ಸಾದ ಮೇಲೆ ಕೈಗೆ ಮನಸ್ಸು ಬಂದ ಹಾಗೆ ಆಡಲು ಬರುವುದಿಲ್ಲ ಎಂದು ಮೇಸ್ತ್ರಿಯ ಅಂಬೋಣ.

ಕೈ ಮಾತ್ರ ಅಲ್ಲ ಕಣೇ, ಇಡೀ ಮನುಷ್ಯನೇ ಸಾಲು ಹಿಡಿದಿದ್ದೇನೆ. ಟೀ ಅಂಗಡಿಯವಳು ನಾನು ಬಾಯಿ ಬಿಡುವ ಮುಂಚೆಯೇ ಲೋಟ ಇಡುತ್ತಾಳೆ. ಒಂದು ದಿನ ಹಟಕ್ಕೆ ಬಿದ್ದು ಕಾಫಿ ಕೇಳಿದೆ. "ಇವತ್ತು ಕಾಫಿ ಕೇಳ್ತೀರಿ ಅಂತ ಗೊತ್ತಿತ್ತು, ನಿನ್ನೆ ಮುಖ ಊದಿಸ್ಕೊಂಡು ಹೋದ್ರಲ್ಲ" ಅಂದಳು! ಮದುವೆಯಾದ ಹೊಸತರಲ್ಲಿ ಉಪ್ಪು ತರಲು ಕಳಿಸಿದರೆ ನಾಯಿಮರಿ ತಂದವನು ನಾನು. "ಇವ್ರು ಯಾವಾಗ ಏನ್ ಮಾಡ್ತಾರೋ, ಆ ದೇವ್ರಿಗೇ ಗೊತ್ತು" ಎಂದು ನೀನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಈಗ ಇಡೀ ಬೀದಿಗೆ ಗೊತ್ತು. ಬೈಯುವವರು ಮನೆಯಲ್ಲಿಲ್ಲದಿದ್ದರೆ ತಲೆಹರಟೆ ಮಾಡಲೂ ಮನಸ್ಸು ಬರುವುದಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಅವರ ಊಟ ನೋಡಿಕೊಂಡು ನಿನ್ನ ಊಟ ಮರೆಯಬೇಡ.

ಇಂತಿ ನಿನ್ನ
ತಲೆಹರಟೆ

ಮರೆತ ಮಾತು: ನಾಳೆಯಿಂದ ನಾನು ಕೆಲಸಕ್ಕೆ ಹೋಗಬೇಕಾಗಿಲ್ಲ. ಮೇಸ್ತ್ರಿ ನಯವಾಗಿಯೇ ಹೇಳಿದ, ಪಾಪ. ಇಡೀ ದಿನ ಮನೆಯಲ್ಲೇ ಇರುತ್ತೇನೆ. ನೀನು ಬರುವುದಾದರೆ ಯಾವ ದಿನ ಎಂದು ಮಾತ್ರ ಬರೆಯಬೇಡ. ದಿನ ಗೊತ್ತಾದರೆ, ಉಳಿದ ದಿನಗಳಲ್ಲಿ ನೀನು ಬರುವುದಿಲ್ಲ ಎಂಬುದೂ ಗೊತ್ತಾಗಿಬಿಡುತ್ತದೆ.